ಬೆನ್ನ ಹಿಂದೆ ಸುರಿದ ನೀರು

ವೆರ್ಕಿನೆ ಒಂದು ಚೊಂಬು ನೀರು ಸುರಿದಳು, ಅಷ್ಟೇ. ಅದಕ್ಕೆ ಮನೆಗೆ ಮನೆಯೇ ಬೀದಿಗೆ ಬಂತು.

ಅರಾಕ್ಸಿಯೂ ಅವಳ ಪುಟ್ಟ ತಮ್ಮ ಜಾವೆನ್‌ನೂ ಬೈರೂತಿನ ಅನಾಥಾಲಯದಿಂದ ಹಡಗಿನಲ್ಲಿ ಅಲೆಕ್ಸಾಂಡ್ರಿಯಕ್ಕೆ ಬಂದು ತಿಂಗಳೂ ಆಗಿರಲಿಲ್ಲ. ಒಣಮಾಂಸದ ವ್ಯಾಪಾರಿ ಮಿಹ್ರಾನ್‌ಗೂ ಹೆಂಡತಿ ವೆರ್ಕಿನೆಗೂ ಮಕ್ಕಳಿರಲಿಲ್ಲ. ತಮ್ಮಂತೆಯೇ ಅರ್ಮೇನಿಯದವರೆಂದು ಇಬ್ಬರನ್ನೂ ಮನೆತುಂಬಿಸಿಕೊಂಡಿದ್ದರು. ಉಣ್ಣಲು ಉಡಲು ಯಾವ ಕೊರತೆಯೂ ಇಲ್ಲ. ಆದರೂ ಹನ್ನೊಂದರ ಅರಾಕ್ಸಿಗೆ ಅವರ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಬರುವುದಾದರೂ ಹೇಗೆ? ಅವಳ ಕಣ್ಣೆದುರೇ ಎಷ್ಟು ಅಕ್ಕತಮ್ಮಂದಿರನ್ನು ಬೇರೆ ಬೇರೆ ಹಡಗು ಹತ್ತಿಸಿರಲಿಲ್ಲ! ಜಾವೆನ್‌ನನ್ನೂ ಇವರು ಹಾಗೇ ಸಾಗಹಾಕುತ್ತಾರೆ ಎಂಬ ಹೆದರಿಕೆ ಅವಳನ್ನು ಬಿಟ್ಟಿರಲಿಲ್ಲ.

ಆ ಬೆಳಿಗ್ಗೆ ಮಿಹ್ರಾನ್ ಹುಡುಗನನ್ನು ಕರೆದುಕೊಂಡು ಹೊರಟ.

"ನಾನೂ ಬರ್ತೀನಿ" ಎಂದಳು ಅರಾಕ್ಸಿ.

"ಕ್ಷೌರದಂಗಡಿಗೆ ಕಣೇ! ನಿನಗೂ ಮೀಸೆ ಬಂದಿದೆಯಾ?"

ಅವರು ಹೊಸ್ತಿಲು ದಾಟಿದರೋ ಇಲ್ಲವೋ, ವೆರ್ಕಿನೆ ಚೊಂಬಿನ ನೀರನ್ನು ಅವರ ಹಿಂದೆ ಸುರಿದುಬಿಟ್ಟಳು.

ಅರಾಕ್ಸಿಯ ಜೀವ ಬಾಯಿಗೆ ಬಂತು. ಅವರ ಊರಿನಲ್ಲಿ ಹಾಗೆ ನೀರು ಸುರಿಯುತ್ತಿದ್ದುದು ದೂರದೇಶಕ್ಕೆ ಹೊರಟವರ ಬೆನ್ನ ಹಿಂದೆ. ಕ್ಷೌರಕ್ಕೆ ಹೋಗುವವನಿಗೆ ಯಾರಾದರೂ ಸುರಿಯುತ್ತಾರೆಯೇ? ಅಪ್ಪನ ಹಿಂದೆ ಅಮ್ಮ ಸುರಿದಿದ್ದಳು. ಅಪ್ಪ ಬರಲೇ ಇಲ್ಲ.

ಹುಡುಗಿ ಒಂದೇ ಓಟ ಕಿತ್ತಳು. ಕ್ಷೌರದಂಗಡಿಗೆ ನುಗ್ಗಿ, ಕುರ್ಚಿಯಲ್ಲಿದ್ದ ತಮ್ಮನ ರಟ್ಟೆ ಹಿಡಿದೆಳೆದಳು.

"ಏಳೋ! ನಿನ್ನ ಹಡಗು ಹತ್ತಿಸ್ತಾರೆ!"

"ಅಕ್ಕಾ, ಇನ್ನೊಂದು ಕಡೆ ಬಾಕಿ ಇದೆ ಕಣೇ!"

ಯಾರು ಕೇಳುತ್ತಾರೆ? ಮಿಹ್ರಾನ್ ಕಾಫಿ ಬಟ್ಟಲು ಹಿಡಿದು ಬಾಯಿಬಿಟ್ಟುಕೊಂಡು ನಿಂತೇ ಇದ್ದ. ಕ್ಷೌರಿಕ, "ನನ್ನ ಬಟ್ಟೆ! ನನ್ನ ಬಟ್ಟೆ!" ಎಂದು ಬೊಬ್ಬೆ ಹೊಡೆದ. ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಅರ್ಧ ಕ್ರಾಪಿನ ತಮ್ಮನನ್ನು ಎಳೆದುಕೊಂಡು ಅವಳು ಮೀನು ಮಾರುಕಟ್ಟೆ ಹೊಕ್ಕು ಬುಟ್ಟಿಗಳ ಹಿಂದೆ ಅಡಗಿದಳು.

ಸ್ವಲ್ಪ ಹೊತ್ತಿಗೆ, ಹುಡುಗಿ ಓಡಿದ್ದನ್ನು ಕಂಡು ಬೆನ್ನಟ್ಟಿದ್ದ ವೆರ್ಕಿನೆ ಬಂದಳು. ಆ ದಪ್ಪ ಹೆಂಗಸು ಓಡಿದ್ದನ್ನು ಆ ಪೇಟೆ ಎಂದೂ ಕಂಡಿರಲಿಲ್ಲ. ಬರಿಗಾಲು, ಕೈತುಂಬ ಹಿಟ್ಟು.

"ಏನಮ್ಮಾ, ಕಳ್ಳರಾ?" ಎಂದು ಮೀನಿನವನು ಕೇಳಿದ.

"ಕಳ್ಳರಂತೆ ಕಳ್ಳರು! ನನ್ನ ಮಕ್ಕಳು ಕಣಯ್ಯಾ!"

ಬುಟ್ಟಿಗಳ ಹಿಂದಿನಿಂದ ದನಿ ಬಂತು: "ಮತ್ತೆ ನೀರು ಯಾಕೆ ಸುರಿದ್ರಿ? ಇವನನ್ನ ಎಲ್ಲಿಗೆ ಕಳಿಸ್ತಿದ್ರಿ?"

ವೆರ್ಕಿನೆ ಒದ್ದೆ ನೆಲದ ಮೇಲೆಯೇ ಕುಸಿದು ಕೂತಳು.

"ಅಯ್ಯೋ ನನ್ನ ಕರ್ಮವೇ! ನಿನ್ನ ಬಿಟ್ಟು ಅವನು ಬಾಗಿಲು ದಾಟಿದ್ದು ಇವತ್ತೇ ಮೊದಲು. ನನಗೆ ಭಯ ಆಯ್ತು ಕಣೇ. ಹೋಗ್ಲಿ ಅಂತಲ್ಲ, ಬೇಗ ಬರ್ಲಿ ಅಂತ ಸುರಿದೆ. ನಗ್ತೀಯಾ ನಗು. ನಮ್ಮ ಮಕ್ಕಳು ಅಂತ ಬಾಗಿಲಲ್ಲಿ ಕಾಯೋಕೆ ಇಷ್ಟು ವರ್ಷ ನನಗೆ ಯಾರಿದ್ರು?"

ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು, ಜೊತೆಗೆ ಅಳುವೂ. ಅರಾಕ್ಸಿ ಹೊರಗೆ ಬಂದು ಅವಳನ್ನು ದಿಟ್ಟಿಸಿದಳು. ಇಷ್ಟು ದಿನ ಸಿಕ್ಕವರೆಲ್ಲ ಅಕ್ಕತಮ್ಮನನ್ನು ಮುಂದಕ್ಕೆ ಕಳಿಸಿದವರೇ. ಹಿಂದೆ ಓಡಿಬಂದವಳು ಇವಳೊಬ್ಬಳು. ಕಲ್ಲು ತಾಗಿ ಅವಳ ಕಾಲ್ಬೆರಳಿನಿಂದ ರಕ್ತ ಒಸರುತ್ತಿತ್ತು.

"ಇವನನ್ನ ಹಿಡ್ಕೊಳ್ಳಿ," ಎಂದಳು ಅರಾಕ್ಸಿ ಗದರುವ ದನಿಯಲ್ಲಿ. "ಬಿಟ್ರೆ ಮೀನಿಗೆ ಕೈ ಹಾಕ್ತಾನೆ. ನಾನು ನಿಮ್ಮ ಚಪ್ಪಲಿ ತರ್ತೀನಿ."

ಮನೆಯ ಕಡೆ ಓಡಿದವಳು, ತಮ್ಮ ಅಲ್ಲೇ ಇದ್ದಾನೆಯೇ ಎಂದು ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.