ಐವತ್ತೋ ಎಂಬತ್ತೈದೋ

ಗಾಜಿನ ಬಾಗಿಲಾಚೆ ಹೋಗುತ್ತಿದ್ದ ಬಸ್ಸು ಲೆನ್ಸಿನೊಳಗೆ ತೊಳೆದುಹೋದ ಕೆಂಪು ಕಲೆಯಂತೆ ಹಾದುಹೋಯಿತು, ಅದರ ಮುಂದೆ ಸ್ಟೂಲಿನ ಮೇಲೆ ಕುಳಿತ ಅತ್ತೆ ಮಾತ್ರ ಸ್ಪಷ್ಟ, ಕಿವಿಯ ಹಿಂದಿನ ಬಿಳಿ ಕೂದಲು ಒಂದೊಂದೂ ಸ್ಪಷ್ಟ — ಇದು ಎಂಬತ್ತೈದು ಎಂಎಂ ಲೆನ್ಸು, ಕ್ಯಾಮೆರಾ ಅಂಗಡಿಯವರು ಹೇಳುತ್ತಿದ್ದಾರೆ, ಮುಖ ತೆಗೆಯೋಕೆ ಅಂತಲೇ ಇರೋದು ನೋಡಮ್ಮ, ಮೂಗು ಕಿವಿ ಎಲ್ಲ ಅದರದರ ಜಾಗದಲ್ಲಿ ಕೂತಿರುತ್ತೆ, ಹಿಂದಿನ ಗಲಾಟೆಯೆಲ್ಲ ಬೆಣ್ಣೆ ಥರ ಕರಗಿಹೋಗುತ್ತೆ, ಆದ್ರೆ ದೂರ ನಿಲ್ಲಬೇಕು. ದೂರ ನಿಲ್ಲುವುದು ಅವಳಿಗೆ ಕಷ್ಟವಲ್ಲ. ಗಂಡ ಹೋದ ಮೇಲೆ ಎಲ್ಲರಿಂದಲೂ ಇಷ್ಟೇ ದೂರದಲ್ಲಿ ನಿಂತಿದ್ದಾಳೆ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಮೆಟ್ಟಿಲ ಮೇಲೆ ಎದುರಾಗುವ ಪಕ್ಕದ ಮನೆಯವರಿಂದ, ಒಂದೇ ಒಲೆಯಲ್ಲಿ ಬೇಯಿಸಿ ತಿನ್ನುವ ಅತ್ತೆಯಿಂದಲೂ. ಆದರೆ ಮನೆಯ ಹಾಲ್ ಚಿಕ್ಕದು, ಕಿಟಕಿ ಪಕ್ಕ ಅತ್ತೆಯನ್ನು ಕೂರಿಸಿದರೆ ತಾನು ಅಡುಗೆಮನೆಯ ಬಾಗಿಲಿಗೆ ಹೋಗಬೇಕು, ಬೆನ್ನಿಗೆ ಫ್ರಿಜ್ ತಾಗುತ್ತದೆ, ಅಲ್ಲಿಂದ ಸ್ವಲ್ಪ ಗಲ್ಲ ಎತ್ತಿ ಅಂದರೆ ಅತ್ತೆ ಏನಂದೆ ಅನ್ನುತ್ತಾರೆ, ಇನ್ನೊಂದು ಸಲ ಹೇಳಿದರೂ ಏನಂದೆ, ಆಮೇಲೆ ಎದ್ದು ಬಂದೇಬಿಡುತ್ತಾರೆ. ಫೋಟೋ ತೆಗಿ ಅಂತ ಅವರೇ ಹೇಳಿದ್ದು, ತರಕಾರಿ ಹೆಚ್ಚುತ್ತಾ, ಉಪ್ಪು ಮುಗಿದಿದೆ ಅನ್ನುವ ಹಾಗೆ. ನಾನು ಹೋದ್ಮೇಲೆ ನೀವು ಪರದಾಡೋದು ಬೇಡ, ಅವನ ಸಲ ಆದ ಹಾಗೆ ಆಗೋದು ಬೇಡ. ಸ್ಟುಡಿಯೋಗೆ ಹೋಗೋಣ ಅತ್ತೆ ಅಂದಳು. ಸ್ಟುಡಿಯೋದವನಿಗೆ ನಾನ್ಯಾರು, ನೀನೇ ತೆಗಿ. ಇವತ್ತು ಅಂಗಡಿಗೂ ಜೊತೆಗೇ ಬಂದಿದ್ದಾರೆ, ಏಸಿ ಇರುತ್ತೆ, ಚಳಿಯಾಗುತ್ತೆ ಅಂತ ಮೇಲೊಂದು ಅಂಗಿ ಹಾಕಿಕೊಂಡು. ಅವನ ಅಂಗಿ. ಬಟ್ಟೆಯೆಲ್ಲ ಕೊಟ್ಟುಬಿಟ್ಟ ದಿನ ಇದೊಂದನ್ನು ಅತ್ತೆ ಹಿಡಿದುಕೊಂಡು ಕೂತಿದ್ದರು, ಅವಳು ಕೇಳಲಿಲ್ಲ, ಅಲ್ಲಿಂದೀಚೆಗೆ ಅತ್ತೆ ಅದನ್ನು ಹಾಕಿಕೊಂಡಾಗ ಅವಳು ಕತ್ತಿನಿಂದ ಕೆಳಗೆ ನೋಡುವುದೂ ಇಲ್ಲ.

ಅವನ ಸಲ. ಊರವರ ಮುಖವನ್ನೆಲ್ಲ ತೆಗೆದವನು, ಗುರುತಿನ ಚೀಟಿಗೆ, ಮದುವೆಗೆ, ಹುಟ್ಟಿದ ಮಗುವಿಗೆ, ಅವನ ಮುಖ ಮಾತ್ರ ಯಾರ ಹತ್ತಿರವೂ ಇರಲಿಲ್ಲ, ಫೋನುಗಳಲ್ಲಿ ಇದ್ದದ್ದೆಲ್ಲ ಅರ್ಧ ಕೆನ್ನೆ, ಒಂದು ಹೆಗಲು, ಹಿಂದಿನ ಸಾಲಿನಲ್ಲಿ ಯಾರದೋ ತಲೆಯ ಮರೆ — ಅವನನ್ನು ಆಸ್ಪತ್ರೆಯಿಂದ ಮನೆಗೆ ತಂದ ಬೆಳಿಗ್ಗೆ ಭಾವ ಕೇಳುತ್ತಾರೆ, ಒಂದು ಒಳ್ಳೇ ಫೋಟೋ ಕೊಡಮ್ಮ, ದೊಡ್ಡದು ಮಾಡಿಸ್ಬೇಕು. ಸಿಕ್ಕಿದ್ದು ಅವಳು ತೆಗೆದದ್ದೊಂದೇ. ಇದೇ ಕ್ಯಾಮೆರಾ, ಅವನ ಮೂವತ್ತೈದರ ಲೆನ್ಸು, ಹತ್ತಿರ ಹೋದಷ್ಟೂ ಮೂಗು ಮುಂದಕ್ಕೆ ಬರುತ್ತದೆ, ಸ್ವಲ್ಪ ಹಿಂದೆ ಸರಿಯೇ, ನನ್ನ ಮೂಗಿಗೆ ಬೇರೆ ಟಿಕೆಟ್ ತೊಗೋಬೇಕಾಗುತ್ತೆ, ಅಂದಿದ್ದ ಅವನು. ಅವಳು ಸರಿಯಲಿಲ್ಲ. ಫೋಕಸ್ಸಿನ ಚುಕ್ಕಿ ಕಾಣ್ತಿದೆಯಲ್ಲ, ಅದನ್ನ ಕಣ್ಣಿನ ಮೇಲಿಡು, ಅರ್ಧ ಒತ್ತಿ ಹಿಡಿ, ಬೀಪ್ ಅಂದ್ಮೇಲೆ ಪೂರ್ತಿ ಒತ್ತು. ಚುಕ್ಕಿ ಚೌಕಟ್ಟಿನ ನಡುವೆ ಇತ್ತು, ಅವನ ಅಂಗಿಯ ಗುಂಡಿಯ ಮೇಲೆ, ಅದನ್ನು ಕಣ್ಣಿಗೆ ಒಯ್ಯಲು ಮರೆತಳು, ಅಷ್ಟರಲ್ಲಿ ಅವಳ ಬಾಯಿಂದ ಏನೋ ಬಂತು, ನಿಮ್ಮ ಮೂಗಿಗೆ ಕಿಟಕಿ ಪಕ್ಕದ ಸೀಟೇ ಕೊಡಿಸ್ತೀನಿ ಬಿಡಿ, ಅವನು ಹಿಂದಕ್ಕೆ ವಾಲಿ ನಕ್ಕ, ಕ್ಲಿಕ್. ಮುಖ ಮಂಜು, ಗುಂಡಿ ಸ್ಪಷ್ಟ. ಬಿಳಿ ಗುಂಡಿ, ನಾಲ್ಕು ತೂತು, ಕಂದು ದಾರ. ಆ ಬೆಳಿಗ್ಗೆಯಷ್ಟೇ ಕಿತ್ತುಬಂದಿದ್ದ ಗುಂಡಿ, ಅವಸರದಲ್ಲಿ ಹೊಲಿದದ್ದು, ಬಿಳಿ ದಾರ ಮುಗಿದಿತ್ತು, ಎದ್ದು ಕಾಣುತ್ತೆ ರೀ ಅಂದರೆ ಅವನು ತೋಳು ತೂರಿಸುತ್ತಾ, ಬಿಡೇ, ಯಾರು ನೋಡ್ತಾರೆ. ಎಲ್ಲರೂ ನೋಡಿದರು. ಹೆಚ್ಚುಕಡಿಮೆ ಆಳೆತ್ತರಕ್ಕೆ ದೊಡ್ಡದು ಮಾಡಿಸಿ ಹಾಲಿನಲ್ಲಿ ಇಟ್ಟರು, ಬಂದವರ ಕಣ್ಣು ಮುಖದಲ್ಲಿ ಹುಡುಕಾಡಿ, ಹಿಡಿತ ಸಿಗದೆ, ಜಾರಿ ಗುಂಡಿಗೆ ಬಂದು ನಿಲ್ಲುತ್ತಿತ್ತು, ಅವಳು ಗೋಡೆಗೊರಗಿ ಕೂತು ಅದನ್ನೇ ನೋಡುತ್ತಿದ್ದಳು, ಅಳು ಬರುತ್ತಿರಲಿಲ್ಲ. ಅತ್ತೆ ಹೇಳಿದ್ದು ಒಂದೇ ಮಾತು, ಮೂಗು ಬದನೆಕಾಯಿ ಥರ ಬಂದಿದೆ. ಅದು ಬೈಗುಳವೋ ಅಲ್ಲವೋ ಅಂತ ಅವಳು ಇವತ್ತಿಗೂ ಕೇಳಿಲ್ಲ. ನೀನೇ ತೆಗಿ ಅಂದದ್ದರ ಅರ್ಥವನ್ನೂ ಕೇಳಿಲ್ಲ.

ಈಗ ಇದು ಐವತ್ತು, ಅಂಗಡಿಯವರು ತಿರುಗಿಸಿ ಕೂರಿಸಿದರು, ಪುಟ್ಟದು, ಹಗುರ, ಇದಕ್ಕೆ ಹತ್ತಿರ ಹೋಗಬೇಕಮ್ಮ, ಮೂಗಿನ ತಂಟೆ ಅಷ್ಟಿಲ್ಲ, ನಿಮ್ಮನೆಯವರು ಎಂಬತ್ತೈದು ಒಯ್ದು ನೋಡಿ ವಾಪಸ್ ತಂದ್ಕೊಡ್ತಿದ್ರು, ಅಷ್ಟು ದೂರದಿಂದ ಮಾತಾಡಿಸೋಕಾಗಲ್ಲ ಸಾರ್ ಅಂತ. ಅವಳು ಒಂದು ಹೆಜ್ಜೆ ಮುಂದೆ ಇಟ್ಟಳು. ಇನ್ನೊಂದು. ಅತ್ತೆಯ ಮುಖ ಚೌಕಟ್ಟನ್ನು ತುಂಬುತ್ತಾ ಬರುತ್ತಿದೆ, ಎಣ್ಣೆ ಹಚ್ಚಿದ ಬೈತಲೆ, ತುಟಿಯ ಮೇಲಿನ ಸಣ್ಣ ಗೆರೆಗಳು, ಎಡಗಣ್ಣಿನ ರೆಪ್ಪೆ ಬಲಗಣ್ಣಿನದಕ್ಕಿಂತ ಕೊಂಚ ಕೆಳಗೆ, ಅವನದೂ ಹಾಗೇ ಇತ್ತು — ಇತ್ತು, ಎಡಗಣ್ಣೇ, ಫೋಟೋದಲ್ಲಿ ಸಿಗದೆ ಹೋದ ಮುಖ ಇಲ್ಲಿ ಕೂತಿದೆ, ಇಷ್ಟು ದಿನ ಅದಕ್ಕೆ ಊಟ ಬಡಿಸಿದ್ದಾಳೆ. ಚುಕ್ಕಿ ಕಣ್ಣಿನ ಮೇಲೆ. ಅರ್ಧ. ಬೀಪ್. ಇದೇ ಇರಲಿ ಅಂದಳು, ಐವತ್ತೇ. ಅತ್ತೆ, ಇನ್ನೂ ಎಷ್ಟು ಹೊತ್ತೇ, ಹಿಂದೆ ಹೋಗ್ತೀಯ ಮುಂದೆ ಬರ್ತೀಯ, ನಾನೇನು ಮದುವೆ ಹೆಣ್ಣಾ. ಅಂಗಡಿಯವರು, ಹೆಣ್ಣು ನೋಡೋಕೂ ಇಷ್ಟು ಹೊತ್ತು ಹಿಡಿಯಲ್ಲಮ್ಮ. ಅತ್ತೆ ಹಿಂದಕ್ಕೆ ವಾಲಿ ನಕ್ಕರು, ಥೇಟ್ ಅವನ ಹಾಗೇ, ಅವಳ ಕೈ ಸಡಿಲವಾಯಿತು, ಚುಕ್ಕಿ ಕಣ್ಣಿಂದ ಜಾರಿ ಕೆನ್ನೆ, ಕತ್ತು, ಎದೆ, ಬೀಪ್ — ಬಿಳಿ ಗುಂಡಿ. ಕಂದು ದಾರ. ಆದರೆ ಈ ಹೊಲಿಗೆ ಅವಳದಲ್ಲ, ಅವಳದು ಅಡ್ಡಾದಿಡ್ಡಿ, ಇದು ನೀಟಾಗಿದೆ, ಬಿಗಿಯಾಗಿದೆ. ಅತ್ತೆ, ಈ ಗುಂಡಿ. ಹ್ಞೂಂ, ಬಿದ್ದುಹೋಗಿತ್ತು, ನಾನೇ ಹೊಲಿದೆ. ಬಿಳಿ ದಾರ ನಾನು ತಂದಿಟ್ಟಿದ್ನಲ್ಲ ಡಬ್ಬಿಯಲ್ಲಿ, ಅಂದಳು. ಇತ್ತು, ಆದ್ರೆ ಫೋಟೋದಲ್ಲಿ ಹೀಗಿದೆಯಲ್ಲ, ಬೇರೆ ಬಣ್ಣ ಹಾಕಿದ್ರೆ ಅವನ ಅಂಗಿ ಅನ್ಸಲ್ಲ ನಂಗೆ. ಫೋಟೋ ತೆಗೆದ್ಯಾ? ಇಲ್ಲ. ಮತ್ತೇನು ನೋಡ್ತಾ ನಿಂತಿದ್ದೀಯ? ಚುಕ್ಕಿಯನ್ನು ಕಣ್ಣಿಗೆ ಒಯ್ಯಬೇಕು, ಅರ್ಧ ಒತ್ತಿ ಹಿಡಿಯಬೇಕು, ಬೀಪ್ ಅಂದ ಮೇಲೆ ಪೂರ್ತಿ, ಒಯ್ಯುತ್ತಾಳೆ, ಈಗ ಒಯ್ಯುತ್ತಾಳೆ, ಗುಂಡಿ, ನಾಲ್ಕು ತೂತು, ಕಂದು ದಾರ, ಕಂದು ದಾರ