ಒಗ್ಗರಣೆ ಡಬ್ಬಿಯೊಳಗಿನ ಭಾಗವತ

ಅಡುಗೆಮನೆಗೆ ಟೇಪ್ ರೆಕಾರ್ಡರು ಸಾಲದೆಂದು ಮಾಲತಿಯ ಗಂಡ ದಿನಕರನಿಗೆ ಯಾರು ಹೇಳಿದರೋ! ಕುಮಟಾದಲ್ಲಿ ಗುಮಾಸ್ತನಾಗಿದ್ದ ಆ ಪುಣ್ಯಾತ್ಮ ಮಳೆಗಾಲವಿಡೀ ಬೆಸುಗೆ ಹಾಕುತ್ತ ಕೂತ. ಮಹಡಿಯ ಕಂಪ್ಯೂಟರಿನಲ್ಲಿ ತುಂಬಿಟ್ಟ ಯಕ್ಷಗಾನದ ಪದಗಳು ನೆಟ್‌ವರ್ಕ್ ವಯರಿನಲ್ಲಿ ಇಳಿದು ಬಂದು ಒಲೆಯ ಪಕ್ಕ ಹಾಡಬೇಕಂತೆ. ಯಂತ್ರ ಕೂರಿಸಲು ಪೆಟ್ಟಿಗೆಯೊಂದು ಬೇಕಾಯಿತು. ಮಾಲತಿಯ ಒಗ್ಗರಣೆ ಡಬ್ಬಿಗೆ ತೂತು ಬಿತ್ತು. ಸಾಸಿವೆ, ಜೀರಿಗೆ ಕಾಗದದ ಪೊಟ್ಟಣ ಸೇರಿದವು.

ಇವತ್ತು ಅದರ ಉದ್ಘಾಟನೆ. ಡಬ್ಬಿಯನ್ನು ಒಲೆಕಟ್ಟೆಯ ಮೇಲಿಟ್ಟು, ಸ್ಪೀಕರು ಸಿಕ್ಕಿಸಿ, ದಿನಕರ ಪದ ಹಚ್ಚಲು ಮಹಡಿಗೆ ಓಡಿದ. ಡಬ್ಬಿಯ ಕೆಂಪು ದೀಪ ಹತ್ತಿತು. ಒಳಗೆ ಯಾರೋ ಕೆಮ್ಮಿದಂಥ ಸದ್ದಾಗಿ, ಅದೂ ನಿಂತಿತು. ಬಂಗುಡೆ ಮೀನು ಕೊಯ್ಯುತ್ತಿದ್ದ ಮಾಲತಿ ಕೈ ನಿಲ್ಲಿಸಲೂ ಇಲ್ಲ.

“ಮಾಲತೀ, ಕೇಳ್ತದೇನೇ?” ಮೇಲಿನಿಂದ ದಿನಕರ ಕೂಗಿದ.

“ಕೇಳ್ತದೆ, ಚಲೋ ಕೇಳ್ತದೆ!”

ಅವನು ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದ. “ಯಾವ ಪದ ಬಂತೇ?”

“ಪದ ಎಲ್ಲಿಂದ ಬರ್ಬೇಕು? ಕೇಳಿದ್ದು ನಿಮ್ಮ ಕೂಗು,” ಎಂದಳು ಮಾಲತಿ. “ವಯರಿಲ್ಲದೇ ಇಷ್ಟು ಚಲೋ ಬರ್ತದೆ ಅಂದ್ಮೇಲೆ, ನನ್ನ ಡಬ್ಬಿಗೆ ಎಂತಕ್ಕೆ ತೂತು ಕೊರೆದ್ರಿ?”