ಅಂಗಾತ ಮಲಗಿದ ಫ್ಯಾನು

ನಾನು ಒಂದು ಪೆಡಸ್ಟಲ್ ಫ್ಯಾನು. ಹುಬ್ಬಳ್ಳಿಯ ತಗಡಿನ ಶೆಡ್ಡೊಂದರಲ್ಲಿ ಮೂರು ರೆಕ್ಕೆ, ಒಂದು ಮೋಟಾರು, ಆಳೆತ್ತರದ ಕಂಬ ಜೋಡಿಸಿ ನನ್ನನ್ನು ನಿಲ್ಲಿಸಿದರು. ನಿಲ್ಲುವುದೇ ನನ್ನ ಕಸುಬು ಎಂದು ಅಂದೇ ನಂಬಿಬಿಟ್ಟೆ. ಮೊದಲ ಒಡೆಯ ಶಾಮಿಯಾನದವನು. ಹತ್ತು ವರ್ಷ ಮದುವೆ ಮಂಟಪಗಳಲ್ಲಿ ನಿಂತು ಮದುಮಕ್ಕಳ ಬೆವರು ಆರಿಸಿದೆ. ಎರಡು ಸಲ ಬೀಗರ ಟೋಪಿಯನ್ನೂ ಹಾರಿಸಿದೆ. ಅವನು ನೀರಿನ ಕೂಲರು ತಂದ ಮೇಲೆ ಗದಗಿನ ಕಡೆಯ ಒಂದು ಹಳ್ಳಿಯ ಅಂದಾನಪ್ಪನ ಪಾಲಾದೆ.

ಅಂದಾನಪ್ಪನ ಹಿತ್ತಲಲ್ಲಿ ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ಶೆಡ್ಡಿತ್ತು. ಸೊಂಟದೆತ್ತರದ ಕಲ್ಲುಗಳ ಮೇಲೆ ಸಂದಿ ಬಿಟ್ಟು ಹಾಸಿದ ಬಿದಿರಿನ ಅಟ್ಟ, ಅದರ ಮೇಲೆ ಎದೆಮಟ್ಟದ ರಾಶಿ. ಎಲ್ಲ ಬೀಜಕ್ಕೆ ಇಟ್ಟ ಗಡ್ಡೆ. ಅವನ ಹೆಂಡತಿ ಗುರುಬಸವ್ವ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ತಳಿ ಅದು. ಈಗ ಬೇರೆ ಯಾರಲ್ಲೂ ಉಳಿದಿರಲಿಲ್ಲ. ಹಿಂಗಾರಿಗೆ ಗಡ್ಡೆ ನೆಟ್ಟರೆ ಹೂವು, ಹೂವಿನಿಂದ ಬೀಜ. ರಾಶಿ ಕೊಳೆತರೆ ತಳಿಯೇ ಹೋದಂತೆ.

ಅಂದಾನಪ್ಪ ನನ್ನನ್ನು ರಾಶಿಯ ಎದುರು ಮದುವೆಮನೆಯಲ್ಲಿ ನಿಲ್ಲಿಸಿದಂತೆ ನಿಲ್ಲಿಸಿದ. ನಾನೂ ಹುರುಪಿನಿಂದ ಬೀಸಿದೆ. ಒಣ ಸಿಪ್ಪೆಯೆಲ್ಲ ಹಾರಿ ಅವನ ಮೀಸೆಗೆ ಅಂಟಿತು. ಗುರುಬಸವ್ವ ರಾಶಿಯೊಳಗೆ ತೋಳು ತೂರಿಸಿ ನೋಡಿದಳು. ಒಳಗೆ ಬಿಸಿ ಹಾಗೇ ಇತ್ತು.

"ಮಾರಿಗೆ ಗಾಳಿ ಹಾಕಿದ್ರ ಹೊಟ್ಯಾಗಿನ ಝಳ ಹೋಗತೈತೇನ್ರಿ? ಅದನ್ನ ಕೆಳಗ ಮಲಗಸ್ರಿ" ಎಂದಳು.

ಕಂಬ ಬಿಚ್ಚಿ, ನಾಲ್ಕು ಇಟ್ಟಿಗೆಗಳ ಮೇಲೆ ನನ್ನನ್ನು ಅಟ್ಟದಡಿ ಅಂಗಾತ ಮಲಗಿಸಿದರು. ಗಾಳಿ ಬದಿಗೆ ಸೋರದಿರಲೆಂದು ಅವಳು ನನ್ನ ಜಾಲರಿಯಿಂದ ಅಟ್ಟದವರೆಗೆ ಗೋಣಿತಟ್ಟಿನ ಲಂಗ ಕಟ್ಟಿದಳು. ಮದುಮಕ್ಕಳ ಮುಂದೆ ಮೆರೆದವನಿಗೆ ಲಂಗ! ಅಂದಿನಿಂದ ನನಗೆ ಜಗತ್ತೆಂದರೆ ಅಂದಾನಪ್ಪನ ಒಡೆದ ಹಿಮ್ಮಡಿ, ಗುರುಬಸವ್ವನ ಕಾಲುಂಗುರ, ಬೆಕ್ಕಿನ ಹೊಟ್ಟೆ. ಒಣ ಬಿಸಿಲಿದ್ದಾಗ ಮಾತ್ರ ನನ್ನನ್ನು ಓಡಿಸುತ್ತಿದ್ದಳು. ಹನಿ ಬಿದ್ದರೆ ನಿಲ್ಲಿಸುತ್ತಿದ್ದಳು. ಹಸಿ ಗಾಳಿ ಹೊಕ್ಕರೆ ಗಡ್ಡೆ ಮೊಳಕೆಯೊಡೆಯುತ್ತದೆಂದು ಅವಳ ಲೆಕ್ಕ.

ಪಂಚಮಿ ಹಬ್ಬಕ್ಕೆ ಮಗಳು ಅನ್ನಪೂರ್ಣಿ ಹೊಸ ಗಂಡ ಕಲ್ಮೇಶನೊಂದಿಗೆ ಬಂದಳು. ಅಳಿಯನ ಮೂಗು ಬಲು ಚುರುಕು. ಸಾರಿಗೆ ನಿನ್ನೆಯ ತೆಂಗಿನಕಾಯಿ ಹಾಕಿದ್ದನ್ನು ಅಂಗಳದಲ್ಲೇ ಹೇಳಿಬಿಡುತ್ತಿದ್ದ. ಜೊತೆಗೆ ಗಾಳಿಯಿಲ್ಲದೆ ಅವನಿಗೆ ನಿದ್ದೆಯಿಲ್ಲ. ಪಡಸಾಲೆಯ ಫ್ಯಾನು ಅದೇ ವಾರ ಸುಟ್ಟುಹೋಗಿತ್ತು. ಅಂದಾನಪ್ಪ ಹೆಂಡತಿಯನ್ನು ಕೇಳದೆ ನನ್ನ ಲಂಗ ಬಿಚ್ಚಿ, ಕಂಬಕ್ಕೇರಿಸಿ, ಅಳಿಯನ ಮಂಚದೆದುರು ನಿಲ್ಲಿಸಿದ. ನಿಜ ಹೇಳುತ್ತೇನೆ, ನನಗೆ ಬಹಳ ಖುಷಿಯಾಯಿತು.

ಮೂರು ದಿನ ಜಿಟಿಜಿಟಿ ಮಳೆ. ನಾಲ್ಕನೆಯ ದಿನ ಬಿಸಿಲು ಬಿತ್ತು. ಗುರುಬಸವ್ವ ರಾಶಿಗೆ ತೂರಿಸಿದ ಕೈ ಬೆವತು ಹೊರಬಂತು. ಎಲ್ಲೋ ಕೊಳೆ ಹಿಡಿದಿದೆ. ಎಲ್ಲೆಂದು ತಿಳಿಯದೆ ರಾಶಿಯೆಲ್ಲ ಕೆದರಿದರೆ ಗಟ್ಟಿ ಗಡ್ಡೆಗೂ ಪೆಟ್ಟು. ನಾನು ಬೇಕು, ಈಗಲೇ ಬೇಕು. ಆದರೆ ಆ ಮನೆಯಲ್ಲಿ ಅತ್ತೆ ಅಳಿಯನೊಡನೆ ಎದುರುಬದುರು ಮಾತಾಡುವಂತಿರಲಿಲ್ಲ. ಅಳಿಯನ ಮುಂದಿನ ಫ್ಯಾನು ಎತ್ತಿದರೆ ಬೀಗರು ಏನೆಂದಾರು ಎಂದು ಅಂದಾನಪ್ಪ ಗೋಡೆ ನೋಡಿದ.

ಗುರುಬಸವ್ವ ರಾಶಿಯ ಮೇಲೆ ಅಡ್ಡಹಲಗೆ ಹಾಕಿಸಿ, ಹಾಸಿಗೆ ಬಿಡಿಸಿ, ಮಗಳಿಗೆ ಹೇಳಿದಳು: "ಊಟಾ ಆದಮ್ಯಾಲೆ ಅಳಿಯಾರು ಅಲ್ಲೇ ಮಕ್ಕೊಳ್ಳಲಿ ಅನ್ನವ್ವ. ನಮ್ಮನ್ಯಾಗ ಎಲ್ಲಾಕಿಂತ ತಂಪು ಜಾಗ ಅದ."

ಕಲ್ಮೇಶ ಉಂಡು ರಾಶಿ ಹತ್ತಿ ಮಲಗಿದ. ಅಳಿಯನಿದ್ದಲ್ಲಿಗೆ ಫ್ಯಾನೂ ಬರಬೇಕಲ್ಲ; ನಾನು ಮತ್ತೆ ಲಂಗ ತೊಟ್ಟು ಕೆಳಗಿನಿಂದ ಬೀಸಿದೆ. ಗಡ್ಡೆಗಳ ಸಂದಿಯಲ್ಲಿ ನುಸುಳಿದ ಗಾಳಿ ಅವನ ಸುತ್ತ ಎದ್ದಿತು. ಐದು ನಿಮಿಷದಲ್ಲಿ ಎದ್ದು ಕುಳಿತ. ಎಡಕ್ಕೆ ಬಾಗಿ ಮೂಸಿದ, ಬಲಕ್ಕೆ ತೆವಳಿ ಮೂಸಿದ.

"ಅತ್ತಿ, ಈ ಮೂಲ್ಯಾಗ ಕೊಳತೈತಿ ನೋಡ್ರಿ" ಎಂದು ನೇರವಾಗಿ ಕರೆದೇಬಿಟ್ಟ.

"ಎಲ್ಲಿ, ಬೆರಳಿಟ್ಟು ತೋರಸ್ರಿ" ಎಂದು ಅತ್ತೆಯೂ ಪದ್ಧತಿ ಮರೆತು ಹಲಗೆ ಹತ್ತಿದಳು.

ಅಳಿಯನೇ ಅಂಗಿಯ ತೋಳೇರಿಸಿ ತೋಡಿದ. ಎರಡು ಬುಟ್ಟಿ ಗಡ್ಡೆ ಅಂಬಲಿಯಾಗಿತ್ತು. ಸುತ್ತಲಿನದಕ್ಕೆ ಇನ್ನೂ ತಗಲಿರಲಿಲ್ಲ. ಹೊತ್ತು ಮುಳುಗುವವರೆಗೆ ನಾನು ಬೀಸಿದೆ. ಗುರುಬಸವ್ವನ ಕೈ ಒಣಗಿಯೇ ಹೊರಬಂತು. ಅವನು ಊರಿಗೆ ಹೋದ ಮೇಲೆ ನಾತ ಹೋಗಲೆಂದು ಎಂಟು ದಿನ ಅವನ ತಾಯಿ ಆ ಅಂಗಿಯನ್ನು ಬೇಲಿಯ ಮೇಲೆಯೇ ಬಿಟ್ಟಿದ್ದಳಂತೆ. ಅಲ್ಲಿಂದಾಚೆ ಮಳೆಗಾಲದಲ್ಲಿ ಇಲ್ಲಿಂದ ಕರೆ ಹೋದರೆ ಅದು ಮಗಳಿಗಲ್ಲ, ಅಳಿಯನಿಗೆ.

ಈಗ ನನ್ನ ಬೇರಿಂಗು ಸವೆದಿದೆ. ಮೊನ್ನೆ ರಿಪೇರಿಯವನು ತಲೆಯಾಡಿಸಿದ. ಟ್ರಾಲಿಯಲ್ಲಿ ಮರಳುವಾಗ ಗುರುಬಸವ್ವನ ಹೊಲ ಸಿಕ್ಕಿತು. ದಂಟಿನ ತುದಿಗೆ ದುಂಡಗಿನ ಬಿಳಿ ಹೂವು, ಸಾಲು ಸಾಲು, ಗಾಳಿಗೆ ತೂಗುತ್ತಿದ್ದವು. ಆ ಗಾಳಿ ನನ್ನದಲ್ಲ. ಹತ್ತು ವರ್ಷ ಮುಖಗಳಿಗೆ ಬೀಸಿದೆ, ಒಂದೂ ನೆನಪಿಲ್ಲ. ಈ ಹೂವುಗಳ ಮುಖ ನೋಡಿದ್ದು ಮಾತ್ರ ಅದೇ ಮೊದಲು; ಬುಡ ಒಂದೊಂದೂ ನನಗೆ ಗೊತ್ತು.